ಇಂದೇ ಪ್ರತ್ಯೇಕ ಜಾಗ ಬೇಕು

ಬೆಳಿಗ್ಗೆ ಪರದೆ ನೋಡುತ್ತಲೇ ಜಾಗದಪ್ಪ ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದ. ಡಿಸ್ಕು ನೂರಕ್ಕೆ ತೊಂಬತ್ತೇಳು ಭಾಗ ತುಂಬಿತ್ತು. ಹೀಗೇ ಬಿಟ್ಟರೆ ಸಂಜೆ ಐದರೊಳಗೆ ಎಲ್ಲವೂ ಸ್ತಬ್ಧ.

ಪಾರ್ಸೆಲ್ ಕಂಪನಿಯ ಕಂಪ್ಯೂಟರ್ ನೋಡಿಕೊಳ್ಳುವ ಅವನಿಗೆ ಆ ಹೆಸರಿಟ್ಟವರು ಸಹೋದ್ಯೋಗಿಗಳು. ಮೂರು ಹೊತ್ತೂ ‘ಜಾಗ ಇಲ್ಲ, ಜಾಗ ಇಲ್ಲ’ ಎಂದು ಗೊಣಗುತ್ತಿದ್ದನಲ್ಲ! ಅಲ್ಲಿ ಒಂದೇ ದೊಡ್ಡ ಯಂತ್ರದ ಹೊಟ್ಟೆಯೊಳಗೆ ವಿಭಾಗಕ್ಕೊಂದರಂತೆ ಒಂಬತ್ತು ವರ್ಚುವಲ್ ಮಷೀನುಗಳು, ಅಂದರೆ ತೋರಿಕೆಯ ಕಂಪ್ಯೂಟರುಗಳು, ಬಾಡಿಗೆದಾರರಂತೆ ಸಂಸಾರ ಹೂಡಿದ್ದವು. ಏನಾದರೂ ಬದಲಾಯಿಸುವ ಮುನ್ನ ಅವುಗಳ ಆ ಕ್ಷಣದ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ಹಿಡಿದಿಟ್ಟರೆ, ಕೆಟ್ಟಾಗ ಹಿಂದಿರುಗಬಹುದು. ಆದರೆ ಕೆಲಸ ಮುಗಿದ ಮೇಲೂ ಅಳಿಸದಿದ್ದರೆ, ಎರಡು ದಿನಕ್ಕೆಂದು ಬಂದು ಬೀಡುಬಿಟ್ಟ ಷಡ್ಡಕನಂತೆ ಅದು ದಿನೇದಿನೇ ಊದುತ್ತದೆ.

ಅವನು ರಸೀದಿ ವಿಭಾಗದ ಅಕ್ಕನ ಬಳಿ ಓಡಿದ. “ನಿಮ್ಮ ಮಷೀನಿನ ಹೋದ ವರ್ಷದ ಸ್ನ್ಯಾಪ್‌ಶಾಟ್ ಅಳಿಸ್ಲಾ?”

“ಇರ್ಲಿ ಬಿಡಪ್ಪ. ಅದೇನು ನಿನ್ನ ತಲೆ ಮೇಲೆ ಕೂತಿದ್ಯಾ?”

ಗೋದಾಮಿನ ಮ್ಯಾನೇಜರು ಇನ್ನೂ ಒಂದು ಕೈ ಮೇಲು. “ಅಳಿಸೋದಾ? ಮಧ್ಯಾಹ್ನ ಹೊಸ ಸಾಫ್ಟ್‌ವೇರ್ ಹಾಕ್ತಿದ್ದೀವಿ, ಇನ್ನೆರಡು ತೆಗ್ದಿಡು!”

ಹಲ್ಲು ಕಚ್ಚಿಕೊಂಡು ಜಾಗದಪ್ಪ ಯೋಜನೆ ಬರೆಯಲು ಕುಳಿತ. ಯಾವ ಮಷೀನಿನ ಸ್ನ್ಯಾಪ್‌ಶಾಟ್ ದಿನಕ್ಕೆ ಎಷ್ಟು ಬೆಳೆಯುತ್ತದೆ, ಎಷ್ಟು ದಿನ ಇಡಬೇಕು, ಎಷ್ಟು ಖಾಲಿ ಬಿಡಬೇಕು ಎಂದು ಹನ್ನೊಂದು ಪುಟ. ಕೊನೆಗೆ, ಈಗಿರುವ ನಾಲ್ಕು ಟೆರಾಬೈಟ್, ಅಂದರೆ ನಾಲ್ಕು ಟಿ.ಬಿ. ಡಿಸ್ಕಿನ ಜೊತೆಗೆ ಇನ್ನೆಂಟು ಟಿ.ಬಿ. ಡಿಸ್ಕು ಬೇಕೇ ಬೇಕು ಎಂಬ ಮನವಿ.

ಕಚೇರಿ ಸೂಪರಿಂಟೆಂಡೆಂಟರು ಕಾಗದಗಳನ್ನು ಕೈಯಲ್ಲೇ ತೂಗಿದರು. “ಇಷ್ಟುದ್ದ ನಿರ್ದೇಶಕರು ಓದ್ತಾರಾ? ಎರಡು ಸಾಲು ಸಾಕು.”

ಟೈಪಿಸ್ಟ್ ಬಗ್ಗಿ ನೋಡಿದ. “ಸ್ನ್ಯಾಪ್‌ಶಾಟ್ ಅಂದ್ರೆ ಪಿಕ್ನಿಕ್ ಫೋಟೋ ಅನ್ಕೋತಾರೆ. ತೆಗೀರಿ.”

“ವರ್ಚುವಲ್ಲೂ ಬೇಡ, ಡಿಸ್ಕೂ ಬೇಡ, ಅವರ ಗಂಟಲಿಗೆ ಸಿಕ್ಕಾಕೊಳ್ಳತ್ತೆ,” ಎಂದಳು ಅಕ್ಕ.

“ಅಂಕಿ ಕಂಡ್ರೆ ಸಹಿನೇ ಹಾಕಲ್ಲ, ಅದನ್ನೂ ಹೊಡೀರಿ,” ಎಂದರು ಸೂಪರಿಂಟೆಂಡೆಂಟರು.

“ಏನ್ಬೇಕಾದ್ರೂ ಮಾಡ್ಕೊಳ್ಳಿ, ಇವತ್ತೇ ಆಗ್ಬೇಕು!” ಎಂದು ಕೈಮುಗಿದ ಜಾಗದಪ್ಪ, ಟೈಪಾದದ್ದನ್ನು ನೋಡದೆಯೇ ಸಹಿ ಗೀಚಿದ.

ಹತ್ತೇ ನಿಮಿಷಕ್ಕೆ ನಿರ್ದೇಶಕರ ಕಚೇರಿಯಿಂದ ಫೋನು. “ಮಂಜೂರು ಕಣ್ರೀ! ಓದ್ತಿದ್ದಂಗೇ ಸಾಹೇಬ್ರು ಕುರ್ಚಿಯಿಂದ ಎದ್ದುಬಿಟ್ರು!”

ಜಾಗದಪ್ಪ ಹಿಗ್ಗಿ ಹೀರೇಕಾಯಾದ. ಬಾಗಿಲು ತೆರೆದರೆ, ಮುಖಗವಸು ತೊಟ್ಟ ಇಬ್ಬರು ಕಾವಲುಗಾರರು.

“ಡಿಸ್ಕ್ ಎಲ್ಲಿ?”

“ಮೊದ್ಲು ಬಾಯಿ ಮುಚ್ಕೊಳ್ಳಿ ಸಾರ್,” ಎಂದು ಒಬ್ಬ ಅವನಿಗೂ ಒಂದು ಗವಸು ಚಾಚಿದ. ಇನ್ನೊಬ್ಬ ಆ ಕಾಗದವನ್ನು ಮಾರು ದೂರದಿಂದ ಹಿಡಿದು ತೋರಿಸಿದ: ‘ಕಂಪ್ಯೂಟರ್ ವಿಭಾಗದಲ್ಲಿ ಟಿ.ಬಿ. ಮಿತಿ ಮೀರಿದೆ. ಇಂದೇ ಪ್ರತ್ಯೇಕ ಜಾಗ ಒದಗಿಸಬೇಕು.’

ಕೆಳಗೆ ನಿರ್ದೇಶಕರ ದುಂಡನೆಯ ಅಕ್ಷರ: ‘ಒಪ್ಪಿದೆ. ವೈದ್ಯರ ಪತ್ರ ಬರುವವರೆಗೆ ಇವರನ್ನು ಲಾರಿ ಶೆಡ್ಡಿನ ಹಿಂದಿನ ಕೋಣೆಯಲ್ಲಿರಿಸಿ. ಯಾವ ಯಂತ್ರವನ್ನೂ ಮುಟ್ಟಗೊಡಬೇಡಿ.’

ಐದಕ್ಕೆ ಸರಿಯಾಗಿ ಡಿಸ್ಕು ತುಂಬಿತು. ಪಾರ್ಸೆಲ್ಲುಗಳು ಇದ್ದಲ್ಲೇ ನಿಂತವು. ಶೆಡ್ಡಿನ ಕಿಟಕಿಯಿಂದ ಮೂವತ್ತು ಹೆಜ್ಜೆ ದೂರದಲ್ಲಿ ಗೋದಾಮಿನ ಮ್ಯಾನೇಜರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂಗುತ್ತಿದ್ದರು:

“ಅಳಿಸೋ ಪುಣ್ಯಾತ್ಮ, ಎಲ್ಲಾ ಅಳಿಸು! ಆಚೆ ಮಾತ್ರ ಬರ್ಬೇಡ!”