ಎಡಬಲ ಗೊತ್ತಿಲ್ಲದ ಅಕ್ಕ

ನಮ್ಮ ಅಕ್ಕನಿಗೆ ಎಡ ಯಾವುದು, ಬಲ ಯಾವುದು ಎಂದು ಇವತ್ತಿಗೂ ಗೊತ್ತಿಲ್ಲ. ನಗಬೇಡಿ! ಅರವತ್ತು ದಾಟಿದ ಹೆಂಗಸು, ಫೆಲ್ಥಮ್‌ನಲ್ಲಿ ಮನೆ ಮಾಡಿಕೊಂಡು ವಿಮಾನದ ಊಟದ ತಟ್ಟೆ ಜೋಡಿಸುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು. ಅಂಥವಳಿಗೆ ‘ಎಡಗೈ ಎತ್ತು’ ಎಂದರೆ ಮೊದಲು ಕಿಟಕಿಯಾಚೆ ನೋಡುತ್ತಾಳೆ. ಸೂರ್ಯನನ್ನು ಕೇಳದೆ ಅವಳ ಕೈ ಮೇಲೇಳುವುದಿಲ್ಲ!

ಅವಳಿಗೆ ಗೊತ್ತಿರುವುದು ಮೂಡು, ಪಡು, ತೆಂಕು, ಬಡಗು. ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರಕ್ಕೆ ನಮ್ಮ ಕುಂದಾಪುರದ ಕಡೆ ಹೇಳುವ ಹೆಸರುಗಳು. ನಮ್ಮಲ್ಲಿ ಎಲ್ಲರೂ ಸ್ವಲ್ಪ ಹೀಗೆಯೇ. ಕಡಲು ಇರುವ ಬದಿ ಪಡು. ಅದೊಂದನ್ನು ನೆನಪಿಟ್ಟುಕೊಂಡರೆ ಉಳಿದ ಮೂರು ತಾವಾಗಿಯೇ ಬಂದು ಸಾಲಾಗಿ ನಿಲ್ಲುತ್ತವೆ. ಅಮ್ಮನ ಅಡುಗೆಮನೆಯಲ್ಲಿ ಉಪ್ಪಿನ ಭರಣಿ ಒಲೆಯ ತೆಂಕು ಬದಿ ಇತ್ತು, ಹುಣಸೆಹಣ್ಣಿನದು ಬಡಗು ಬದಿ. ಆದರೆ ಲಂಡನ್ನಿಗೆ ಬಂದ ಮೇಲೆ ನಾವೆಲ್ಲ ಮೆಲ್ಲಗೆ ಎಡಬಲಕ್ಕೆ ಇಳಿದೆವು. ಅಕ್ಕ ಮಾತ್ರ ಇಳಿಯಲಿಲ್ಲ.

ಅದಕ್ಕೆ ಅರ್ಧ ಕಾರಣ ಇಲ್ಲಿನ ಟ್ಯೂಬ್ ರೈಲು. ಬಂದ ಹೊಸತರಲ್ಲಿ ಭಾವ ಅವಳನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, ‘ವೆಸ್ಟ್‌ಬೌಂಡ್’ ಎಂಬ ಫಲಕ ತೋರಿಸಿ, ಇದು ಪಡು ಬದಿಗೆ ಹೋಗುವ ರೈಲು ಎಂದು ಅರ್ಥ ಹೇಳಿದರಂತೆ. ಅಕ್ಕ ಫಲಕವನ್ನು ನೋಡಿ, ಭಾವನನ್ನು ನೋಡಿ, ಕೇಳಿದಳಂತೆ: “ಇದನ್ನ್ ಕಟ್ಟದ್ದ್ ನಮ್ಮೂರಿನವ್ರಾ?”

ಅವಳು ಓದಲು ಕಲಿತ ಮೊದಲ ಇಂಗ್ಲಿಷ್ ಪದಗಳು ಆ ನಾಲ್ಕು ದಿಕ್ಕುಗಳು.

ಇನ್ನು ಅವಳ ಮಂಡಿನೋವಿನ ಕಥೆ. ಜಿಪಿ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಮೈಸೂರಿನವರು, ಬಲು ಸೌಮ್ಯ.

“ಯಾವ ಮಂಡಿ ನೋಯುತ್ತಮ್ಮಾ?”

“ಪಡು ಬದಿದ್.”

ಡಾಕ್ಟರು ನನ್ನ ಮುಖ ನೋಡಿದರು. ನಾನು ಎದ್ದು ಬೆರಳಿಟ್ಟು ತೋರಿಸಿದೆ. ಅವರು ಬೆಳಕು ಸರಿಯಾಗಿ ಬೀಳಲಿ ಎಂದು ಅಕ್ಕ ಕೂತಿದ್ದ ತಿರುಗುವ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ, “ಹಾಗಾದ್ರೆ ಪಡು ಮಂಡಿ ಮಡಿಸಿ ನೋಡೋಣ” ಎಂದರು. ಅಕ್ಕ ಚೆನ್ನಾಗಿದ್ದ ಕಾಲನ್ನು ಮಡಿಸಿದಳು.

“ಇದಲ್ಲಮ್ಮಾ, ನೋಯೋದು!”

“ನೀವ್ ತಿರ್ಗಿಸಿರಲ್ಲೆ ಡಾಕ್ಟ್ರೆ, ಈಗ ನೋವು ಮೂಡಿಗ್ ಹೋಯ್ತ್.”

ಡಾಕ್ಟರು ಅದನ್ನು ಕಂಪ್ಯೂಟರಿನಲ್ಲಿ ಹೇಗೆ ಬರೆದುಕೊಂಡರೋ ದೇವರೇ ಬಲ್ಲ!

ಭಾವ ತೀರಿಕೊಂಡ ಮೇಲೆ ಅಕ್ಕ ಭಾನುವಾರಗಳನ್ನು ರೇನರ್ಸ್ ಲೇನಿನ ನಮ್ಮ ಮನೆಯಲ್ಲಿ ಕಳೆಯತೊಡಗಿದಳು. ನಾನು ಅಲ್ಲೇ ಒಂದು ಹೋಟೆಲಿನಲ್ಲಿ ಅಡುಗೆಯವನು. ಸುಮ್ಮನೆ ಕೂತರೆ ಅಳುತ್ತಾಳೆ ಎಂದು ಒಂದು ಭಾನುವಾರ ಪಿನ್ನರ್ ಕಡೆಯ ಕಾಡಿಗೆ ನಡೆದಾಡಲು ಕರೆದುಕೊಂಡು ಹೋದೆ. ಅಲ್ಲಿ ಮರದ ಹಿಂದೆ ಕೇಸರಿ ಬಿಳಿ ಬಣ್ಣದ ಸಣ್ಣ ಬಟ್ಟೆಯೊಂದು ನೇತಾಡುತ್ತಿತ್ತು.

“ಕಾಣ್, ಯಾರೋ ವಸ್ತ್ರ ಒಣ್ಗುಕ್ ಹಾಕಿ ಮರ್ತ್ ಹೋಯಿರ್” ಎಂದಳು ಅಕ್ಕ.

ಅಷ್ಟರಲ್ಲಿ ಒಬ್ಬ ಮುದುಕರು ಏದುಸಿರು ಬಿಡುತ್ತ, ನಕ್ಷೆ ಹಿಡಿದುಕೊಂಡು ಬಂದು, ಕೆರೆ ಯಾವ ಕಡೆ ಎಂದು ಅವಳನ್ನೇ ಕೇಳಬೇಕೆ! ನಾವು ಬರುವಾಗ ಕೆರೆಯನ್ನು ದಾಟಿ ಬಂದಿದ್ದೆವು. “ವೆಸ್ಟ್. ದೆನ್ ಸ್ಮಾಲ್ ನಾರ್ತ್” ಎಂದಳು ಅಕ್ಕ. ಮುದುಕರು ಓಡಿದರು. ಸ್ವಲ್ಪ ಹೊತ್ತಿಗೆ ನಮ್ಮನ್ನು ಹುಡುಕಿಕೊಂಡೇ ವಾಪಸು ಬಂದು, ಅಕ್ಕನನ್ನು ತಮ್ಮ ಕ್ಲಬ್ಬಿನವರ ಹತ್ತಿರ ಕರೆದೊಯ್ದರು. ಕಾಡಿನಲ್ಲಿ ಅಲ್ಲಲ್ಲಿ ಅಂಥ ಬಟ್ಟೆಯ ಗುರುತು ಕಟ್ಟಿರುತ್ತಾರೆ. ನಕ್ಷೆ, ದಿಕ್ಸೂಚಿ ಹಿಡಿದು ಅವುಗಳನ್ನು ಸರದಿಯಂತೆ ಹುಡುಕಿ ಓಡಿ ಬರುವುದು ಆಟ. ಓರಿಯೆಂಟಿಯರಿಂಗ್ ಎನ್ನುತ್ತಾರೆ. ಮುಂದಿನ ತಿಂಗಳೇ ಅಕ್ಕ ಚೂಡಿದಾರದ ಮೇಲೆ ಕ್ಲಬ್ಬಿನ ಬನಿಯನ್ ತೊಟ್ಟು ಓಡಿದಳು. ಅವಳ ವಯಸ್ಸಿನ ಹೆಂಗಸರ ಗುಂಪಿನಲ್ಲಿ ಮೊದಲ ಬಹುಮಾನ! ಆ ಗುಂಪಿನಲ್ಲಿ ಓಡಿದವಳು ಅವಳೊಬ್ಬಳೇ ಎಂಬುದನ್ನು ನಾವು ಯಾರಿಗೂ ಹೇಳಲು ಹೋಗಲಿಲ್ಲ.

ಆಗ ನನ್ನ ಮಗಳು, “ಡ್ಯಾಡ್, ಅತ್ತೆಗೆ ಮ್ಯಾಪ್ ರೀಡಿಂಗ್ ಯಾರು ಟೀಚ್ ಮಾಡಿದ್ರು? ಸ್ಕೂಲಲ್ಲಾ?” ಎಂದು ಕೇಳಿದಳು.

ಶಾಲೆಯಲ್ಲಿ ನಕ್ಷೆಯ ಪಾಠ ನಡೆಯುವಾಗ ಅಕ್ಕ ಅಲ್ಲಿರಲಿಲ್ಲ. ನನ್ನನ್ನು ಹುಡುಕುತ್ತಿದ್ದಳು.

ನನಗೆ ಶಾಲೆ ಎಂದರೆ ಆಗುತ್ತಿರಲಿಲ್ಲ. ಹಾಜರಿ ಕೂಗಿ ಮುಗಿಯುವುದೇ ತಡ, ಹಿಂದಿನ ಬಾಗಿಲಿನಿಂದ ನಾಪತ್ತೆ. ಒಂದು ದಿನ ಗಾಳಿಮರದ ತೋಪು, ಒಂದು ದಿನ ಮರಳಿನ ಮೇಲೆ ಮಗುಚಿ ಹಾಕಿದ ದೋಣಿಯ ಅಡಿ. ಆ ದೋಣಿಯೊಳಗಿನ ಡಾಂಬರು ಮತ್ತು ಒಣಮೀನಿನ ವಾಸನೆ, ಹಲಗೆಯ ಬಿರುಕಿನಿಂದ ಗೆರೆಗೆರೆಯಾಗಿ ಬೀಳುವ ಬಿಸಿಲು ಈಗಲೂ ಕಣ್ಣು ಮುಚ್ಚಿದರೆ ಬರುತ್ತದೆ. ಮಾಷ್ಟ್ರು ಮೇಲಿನ ತರಗತಿಗೆ ಹೋಗಿ, “ಹೋಗ್ ಹೆಣ್ಣೇ, ನಿನ್ನ್ ತಮ್ಮನ್ನ್ ಹಿಡ್ಕಂಡ್ ಬಾ” ಎನ್ನುತ್ತಿದ್ದರು. ಅಕ್ಕ ಪುಸ್ತಕ ಮುಚ್ಚಿಟ್ಟು ಹೊರಡುತ್ತಿದ್ದಳು. ನಾನು ದಿನಕ್ಕೊಂದು ಜಾಗ ಬದಲಿಸಿದರೂ ನೆಟ್ಟಗೆ ನನ್ನ ಹತ್ತಿರವೇ ಬಂದು, ದೋಣಿಯ ಮೇಲೆ ಟಕಟಕ ಬಡಿಯುತ್ತಿದ್ದಳು.

“ನಿಂಗ್ ಹ್ಯಾಂಗ್ ಗೊತ್ತಾತ್ ಅಕ್ಕಾ?”

“ನೀ ಇಪ್ಪು ಬದಿ ನಂಗ್ ಗೊತ್ತಾತ್ತ್.”

ನಾನು ಇರುವ ಬದಿ ಅವಳಿಗೆ ಗೊತ್ತಾಗುತ್ತದಂತೆ, ಅಷ್ಟೇ ಉತ್ತರ. ನಾನು ಹೇಗೂ ಓದುವವನಲ್ಲ, ಬಿಟ್ಟೆ. ಆದರೆ ನನ್ನ ಬೆನ್ನು ಹತ್ತಿ ಅವಳ ಪಾಠಗಳೂ ತಪ್ಪಿ, ಪರೀಕ್ಷೆಯೂ ತಪ್ಪಿ, ಅವಳನ್ನೂ ಮನೆಯಲ್ಲಿ ಕೂರಿಸಿದರು. ಇಷ್ಟು ವರ್ಷದಲ್ಲಿ ಅವಳು ಒಂದು ಸಲವೂ ಆ ಮಾತು ಎತ್ತಿಲ್ಲ. ಎತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹೋಗಲಿ, ಸ್ವೀಡನ್ನಿಗೆ ಬರೋಣ. ಹೋದ ಜೂನ್‌ನಲ್ಲಿ ಕ್ಲಬ್ಬಿನವರು ಅಲ್ಲಿನ ಕಾಡಿನಲ್ಲಿ ಒಂದು ವಾರದ ತರಬೇತಿ ಇಟ್ಟುಕೊಂಡರು. ಓಟ, ನಕ್ಷೆ, ಮತ್ತೆ ಓಟ. ಅಕ್ಕ ಅವರಿಗೆ, “ಮೈ ಬ್ರದರ್ ಕುಕ್. ಹಿ ವಿಲ್ ಕಮ್” ಎಂದು ಹೇಳಿಬಿಟ್ಟಳು. ನನಗೆ ಹೇಳಿದ್ದು ಆಮೇಲೆ! ಅಡುಗೆಗೆ ತಾನೇ ಎಂದು ತವಾ, ಉದ್ದಿನಬೇಳೆ ಕಟ್ಟಿಕೊಂಡು ಹೊರಟೆ. ಅಲ್ಲಿಗೆ ಹೋಗಿ ನೋಡಿದರೆ ಓಡುವವರ ಪಟ್ಟಿಯಲ್ಲಿಯೂ ನನ್ನ ಹೆಸರು! ಶಾಲೆಯಿಂದ ಓಡಿದ್ದು ಬಿಟ್ಟರೆ ನಾನು ಜನ್ಮದಲ್ಲಿ ಓಡಿದವನಲ್ಲ.

“ಆ ಅಭ್ಯಾಸ ಸಾಕ್” ಎಂದಳು ಅಕ್ಕ.

ಕಾಡಿನ ನಡುವೆ ಕೆಂಪು ಬಣ್ಣದ ಮರದ ಮನೆ. ಒಂದರ ಮೇಲೊಂದು ಮಂಚ. ಮೊದಲ ಸಂಜೆಯೇ ಅಕ್ಕ ದಿಕ್ಸೂಚಿ ಹಿಡಿದು ಒಂದೊಂದು ಮಂಚವನ್ನೂ ಪರೀಕ್ಷೆ ಮಾಡಿ ಕಿರುಚಿದಳು. ಎಲ್ಲ ದಿಂಬುಗಳೂ ಬಡಗು ಬದಿ! ಬಡಗು ತಲೆ ಹಾಕಿ ಮಲಗಬಾರದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಸ್ವೀಡನ್ನಿನವರಿಗೆ ಯಾರು ಹೇಳಬೇಕು? ಅಕ್ಕ ಹೇಳಿದಳು. ಅಷ್ಟು ಜನ ಬಿಳಿಯರ ದಿಂಬುಗಳನ್ನು ಕಾಲ್ದೆಸೆಗೆ ಎಸೆದಳು. ನಮ್ಮ ತರಬೇತುದಾರ ತೆಂಗಿನಮರದಷ್ಟು ಎತ್ತರದ ಆಸಾಮಿ. ಅಕ್ಕ ಅವನಿಗೆ ಇಟ್ಟ ಹೆಸರು ಉದ್ದಣ್ಣ. ಉದ್ದಣ್ಣ ಬೆಳಿಗ್ಗೆ ಎದ್ದವನೇ, ಇಂಥ ನಿದ್ದೆ ಯಾವತ್ತೂ ಬಂದಿರಲಿಲ್ಲ ಎಂದ! ಅಲ್ಲಿಂದ ಮುಂದೆ ಇಡೀ ಕ್ಲಬ್ಬು ತೆಂಕು ತಲೆ. ನಾನೊಬ್ಬನೇ ಸೋಮಾರಿತನದಿಂದ ದಿಂಬು ಕದಲಿಸದೆ ಬಿಟ್ಟವನು.

ಅಲ್ಲಿ ಅಕ್ಕನಿಗೆ ಸರಿಹೋಗದೆ ಇದ್ದದ್ದು ಸೂರ್ಯ ಮಾತ್ರ. ಜೂನ್‌ನಲ್ಲಿ ಆ ದೇಶದ ಸೂರ್ಯ ಮುಳುಗಲು ಪಡುವಿಗೆ ಹೋಗುವುದಿಲ್ಲ, ಸುತ್ತಿ ಬಳಸಿ ಬಡಗಿನ ಹತ್ತಿರ ಹೋಗಿ ಒಲ್ಲದ ಮನಸ್ಸಿನಿಂದ ಇಳಿಯುತ್ತಾನೆ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ಅವನನ್ನು ಬೈದಳು: “ಇವ್ನಿಗ್ ಎಂತ ಆಯ್ತ್ ಮಾರಾಯಾ? ಇಲ್ಲಿಗ್ ಬಂದ್ ಕೆಟ್ಟ!”

ಉದ್ದಣ್ಣ ಎಲ್ಲರಿಗೂ ಒಂದು ನಿಯಮ ಹೇಳಿದ್ದ. ಓಟ ಮುಗಿಸಿದರೂ ಸರಿ, ಅರ್ಧಕ್ಕೆ ಬಿಟ್ಟರೂ ಸರಿ, ಕೊನೆಯ ಗೆರೆಗೆ ಬಂದು ಮುಖ ತೋರಿಸಲೇಬೇಕು. ಇಲ್ಲದಿದ್ದರೆ ನಿಮ್ಮನ್ನು ಹುಡುಕಲು ಇಡೀ ಕಾಡಿಗೆ ಜನ ನುಗ್ಗಬೇಕಾಗುತ್ತದೆ. ಅಕ್ಕ ಅದನ್ನು ನನಗೆ ಕನ್ನಡದಲ್ಲಿ ಎರಡು ಸಲ ಹೇಳಿದಳು. ನನ್ನನ್ನು ಬಲ್ಲವಳು.

ವಾರದ ಕೊನೆಗೆ ಪರೀಕ್ಷೆಯ ಓಟ. ನನ್ನ ದಿಕ್ಸೂಚಿಯ ಮೇಲೆ ನಾನು ಮೊದಲ ದಿನವೇ ಕೂತು ಒಡೆದಿದ್ದೆ. ಅಕ್ಕ ತನ್ನದನ್ನು ಬಿಚ್ಚಿ ನನ್ನ ಕೊರಳಿಗೆ ಹಾಕಿದಳು. “ನಂಗ್ ಎಂತಕೆ? ನೀ ಇಟ್ಕೊ.”

ಎರಡನೆಯ ಗುರುತು ಒಂದು ದಾರಿಯ ಪಕ್ಕದಲ್ಲಿತ್ತು. ಅಲ್ಲಿಂದ ನೋಡಿದರೆ ನಮ್ಮ ಕೆಂಪು ಮನೆಯ ಮಾಡು! ಅಕ್ಕಿ ಉದ್ದು ನೆನೆಹಾಕಿ ಬಂದಿದ್ದೆ, ರುಬ್ಬಿಟ್ಟರೆ ಮರುದಿನಕ್ಕೆ ದೋಸೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಕೊನೆಯ ಗೆರೆ? ಆಮೇಲೆ ಹೋದರಾಯಿತು. ಮನೆಗೆ ಹೋಗಿ ರುಬ್ಬಿದೆ. ಐದು ನಿಮಿಷ ಎಂದು ಮಂಚದ ಮೇಲೆ ಒರಗಿದೆ.

ಎಚ್ಚರವಾದದ್ದು ಸೀಟಿಗಳ ಸದ್ದಿಗೆ. ಕಾಡಿನ ತುಂಬ ಸೀಟಿ, ಕೂಗು. ಕೂಗುತ್ತಿದ್ದದ್ದು ನನ್ನ ಹೆಸರು!

ಆಗಲಾದರೂ ಹೊರಗೆ ಬಂದು ತಪ್ಪಾಯಿತು ಎನ್ನಬಹುದಿತ್ತಲ್ಲ? ಇಲ್ಲ. ಹಿಂದಿನ ಬಾಗಿಲು ನನಗೆ ಹಳೆಯ ಅಭ್ಯಾಸ. ಅದರಿಂದಲೇ ನುಸುಳಿ ಕಾಡಿಗೆ ಸೇರಿದೆ. ತಲೆಗೆ ಎರಡು ಕಡ್ಡಿ ಸಿಕ್ಕಿಸಿಕೊಂಡೆ, ಮೊಣಕಾಲಿಗೆ ಕೆಸರು ಬಳಿದುಕೊಂಡೆ, ಆಮೇಲೆ ಕುಂಟುತ್ತ ಪೊದೆಯಿಂದ ಹೊರಬಂದೆ. ಜನ ಚಪ್ಪಾಳೆ ತಟ್ಟಿದರು. ಉದ್ದಣ್ಣ ನನ್ನನ್ನು ಅಪ್ಪಿಕೊಂಡು ಕಣ್ಣೀರು ಹಾಕಿದ. ಕಂಬಳಿ ಹೊದಿಸಿ, ಕಾಡುಹಣ್ಣಿನ ಬಿಸಿ ಗಂಜಿಯಂಥದ್ದು ಕುಡಿಸಿದರು. ಎರಡು ಲೋಟ ಕುಡಿದೆ, ನಾಚಿಕೆಯಿಲ್ಲದೆ. ರುಚಿಯಾಗಿತ್ತು.

“ಅಕ್ಕ ಎಲ್ಲಿ?” ಎಂದು ಕೇಳಿದ್ದು ಆಮೇಲೆ.

ನಾನು ಬರಲಿಲ್ಲ ಎಂದು ಗೊತ್ತಾದ ಕೂಡಲೇ ಅವಳು ಯಾರಿಗೂ ಕಾಯದೆ ಕಾಡಿಗೆ ನುಗ್ಗಿದ್ದಳಂತೆ. ಅವಳ ದಿಕ್ಸೂಚಿ ನನ್ನ ಕೊರಳಲ್ಲಿತ್ತು. ಮತ್ತೆ ಸೀಟಿಗಳು. ಈ ಸಲ ಅವಳ ಹೆಸರು. ನಾನು ಕಂಬಳಿ ಬಿಸಾಡಿ ಓಡಿದೆ, ಕುಂಟುವುದನ್ನೂ ಮರೆತು. ಕೊನೆಗೆ ಅವಳು ಕಂಡದ್ದು ಯಾರೂ ಎಣಿಸದ ಕಡೆ, ದೂರದ ಡಾಂಬರು ರಸ್ತೆಯ ಮೇಲೆ. ಒಂದು ಬೂಟು ಜವುಗಿನಲ್ಲಿ ಹೋಗಿತ್ತು. ನನ್ನ ಹೆಸರು ಕೂಗಿ ಕೂಗಿ ದನಿ ಒಡೆದುಹೋಗಿತ್ತು. ನನ್ನನ್ನು ಕಂಡವಳು ಬೈಯಲಿಲ್ಲ, ಹೊಡೆಯಲಿಲ್ಲ. ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು, ಮೆಲ್ಲಗೆ ಕೇಳಿದಳು:

“ಮಾಣಿ, ಪಡು ಯಾವ ಬದಿ?”

ಜನ್ಮದಲ್ಲಿ ಅವಳು ಯಾರನ್ನೂ ಕೇಳದ ಪ್ರಶ್ನೆ ಅದು. ನಾನು ದಿಕ್ಸೂಚಿ ನೋಡಿ ಕೈ ತೋರಿಸಿದೆ. ಮನೆಯಲ್ಲಿ ಮಲಗಿದ್ದ ನಿಜವನ್ನು ಮಾತ್ರ ಹೇಳಲಿಲ್ಲ.

ಲಂಡನ್ನಿಗೆ ಬಂದ ಮೇಲೆ ಅಕ್ಕ ಕ್ಲಬ್ಬಿಗೆ ಹೋಗಲಿಲ್ಲ. ದಿಕ್ಸೂಚಿಯನ್ನು ಮೊಳೆಗೆ ನೇತುಹಾಕಿದಳು. ಯಾರಾದರೂ ಕೇಳಿದರೆ, “ವಯಸ್ಸಾಯ್ತ್, ತಲೆ ತಿರ್ಗುಕ್ ಶುರುವಾಯ್ತ್” ಎನ್ನುತ್ತಿದ್ದಳು. ಭಾನುವಾರ ನಮ್ಮ ಮನೆಗೆ ಬರುವುದೂ ನಿಂತಿತು. ಟ್ಯೂಬ್ ಹತ್ತಲು ಭಯವಂತೆ! ನಾನು ಪ್ರತಿ ವಾರ ಅವಳಲ್ಲಿಗೆ ಹೋಗುತ್ತಿದ್ದೆ. ಇವತ್ತು ಹೇಳಬೇಕು ಎಂದುಕೊಂಡು ಹೋಗುವುದು, ಮೀನುಸಾರು ಉಂಡು ಬರುವುದು.

ಈ ವಸಂತದ ಒಂದು ಭಾನುವಾರ ಚಹಾ ಮಾಡಲು ನಾನೇ ಎದ್ದೆ. ಚಹಾಪುಡಿ ಎಲ್ಲಿ ಎಂದು ಕೇಳಿದೆ.

ಅಕ್ಕ ತನ್ನ ಎರಡೂ ಕೈಗಳನ್ನು ನೋಡಿಕೊಂಡು ಹೇಳಿದಳು: “ಮೇಲಿನ್ ಕಪಾಟಲ್ಲಿ… ಬಲಗಡೆ.”

ಬಲಗಡೆ! ಅಕ್ಕನ ಬಾಯಲ್ಲಿ! ಕಪಾಟು ತೆರೆದೆ. ಡಬ್ಬ ಎಡಗಡೆ ಇತ್ತು. ಇನ್ನು ತಡೆಯಲಾಗಲಿಲ್ಲ.

“ಅಕ್ಕಾ, ಅವತ್ತ್ ನಾ ಕಾಡಲ್ಲಿ ಇರ್ಲೇ ಇಲ್ಲ. ಮನೆಯಲ್ಲಿ ಮಲ್ಕಂಡಿದ್ದೆ.”

ಅವಳು ನನ್ನನ್ನೇ ನೋಡಿದಳು.

“ಕೆಸ್ರು?”

“ನಾನೇ ಬಳ್ಕಂಡದ್ದ್.”

“ಜವುಗಿನ್ ಬದಿ ನೀ ಇರ್ಲಿಲ್ಯಾ?”

“ಇಲ್ಲ.”

“ದೊಡ್ಡ ಕಲ್ಲಿನ್ ಹಿಂದೆ?”

“ಇಲ್ಲ ಅಕ್ಕಾ. ತಪ್ಪಾಯ್ತ್.”

ಅಕ್ಕ ಎದ್ದು ನಿಂತಳು. ಮುಖ ನೋಡಿದರೆ, ಸಿಟ್ಟಲ್ಲ! ಭಾವ ಹೋದ ಮೇಲೆ ಅಂಥ ಬೆಳಕನ್ನು ನಾನು ಆ ಮುಖದಲ್ಲಿ ಕಂಡಿರಲಿಲ್ಲ.

“ಮನೆಯಲ್ಲಿ ಇದ್ಯಾ? ಅವತ್ತ್ ಕಾಡಲ್ಲಿ ಯಾವ ಬದಿ ಹೋರೂ ನನ್ ಮನಸ್ಸ್ ಮನೆ ಬದಿಗೇ ಎಳಿತಿತ್ತ್ ಮಾರಾಯಾ! ಮನೆಯಲ್ಲಿ ಇವ ಹ್ಯಾಂಗ್ ಇರ್ತ, ನನ್ ತಲೆ ಕೆಟ್ಟಿತ್ ಅಂದ್ಕಂಡ್ ಬೇಕಂತ್ಲೇ ತಿರ್ಗಿ ತಿರ್ಗಿ ಒಳಗ್ ಹೋದೆ. ಹಾಂಗಾರೆ ನಂಗ್ ಗೊತ್ತಾಯಿತ್ತ್! ನೀ ಇಪ್ಪು ಬದಿ ನಂಗ್ ಗೊತ್ತಾಯಿತ್ತ್!”

ಅಕ್ಕ ಮೊಳೆಯಿಂದ ದಿಕ್ಸೂಚಿ ತೆಗೆದಳು. ಏನೋ ನೆನಪಾಗಿ ಥಟ್ಟನೆ ತಿರುಗಿದಳು.

“ಮಲ್ಕಂಡದ್ದ್ ಯಾವ ಬದಿ ತಲೆ ಹಾಕಿ?”

“…ಬಡಗು.”

ಪಟಾರನೆ ಒಂದು ಬಿತ್ತು ಕೆನ್ನೆಗೆ. ಕಾಡೆಲ್ಲ ಅಲೆಸಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕಲ್ಲ, ಶಾಲೆ ಬಿಡಿಸಿದ್ದಕ್ಕಂತೂ ಅಲ್ಲವೇ ಅಲ್ಲ. ಬಡಗು ತಲೆ ಹಾಕಿ ಮಲಗಿದ್ದಕ್ಕೆ! ಯಾವ ಕೆನ್ನೆ ಎಂದು ಕೇಳಿದರೆ, ಮೂಡು ಬದಿಯದು.

ಮುಂದಿನ ಭಾನುವಾರ ಪಿನ್ನರ್ ಕಡೆಯ ಕಾಡಿನಲ್ಲಿ ಓಟವಿತ್ತು. ಅಕ್ಕ ದಿಕ್ಸೂಚಿಯನ್ನು ನನ್ನ ಕೊರಳಿಗೆ ಹಾಕಿ, ನಕ್ಷೆ ಮಾತ್ರ ಹಿಡಿದು ಮರಗಳೊಳಗೆ ಓಡಿಹೋದಳು. ಮಳೆ ಶುರುವಾಯಿತು. ಅವಳೊಂದಿಗೆ ಹೊರಟವರೆಲ್ಲ ಒಬ್ಬೊಬ್ಬರಾಗಿ ಬಂದು, ಬಟ್ಟೆ ಬದಲಿಸಿ, ಕಾರು ಹತ್ತಿದರು. ಅವಳ ಪಡು ಮಂಡಿ ಅವಳನ್ನು ನಿಧಾನ ಮಾಡಿರಬೇಕು. ಇಲ್ಲಿ ಕಾಯುವುದು ಯಾಕೆ, ಕಾರಿನೊಳಗೆ ಬಂದು ಕೂರಿ ಎಂದು ಕ್ಲಬ್ಬಿನ ಮುದುಕರು ಕರೆದರು.

ನಾನು ಕೊನೆಯ ಗೆರೆ ಬಿಟ್ಟು ಕದಲಲಿಲ್ಲ. ಚಹಾದ ಫ್ಲಾಸ್ಕನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು, ಅವಳು ಬರುವ ಬದಿಗೆ ಮುಖ ಮಾಡಿ ನಿಂತೇ ಇದ್ದೆ.