ಶಂಕ್ರಪ್ಪನ ಕೊಲೆಸ್ಟ್ರಾಲು

ಪಂಢರೀನಾಥ ಮಾಸ್ತರರ ಎದೆಯಲ್ಲಿ ಎರಡು ಸಂಗತಿಗಳು ಕೂತಿದ್ದವು. ಒಂದು, ಬಾಗಲಕೋಟೆಯ ಡಾಕ್ಟರು ಹಾಕಿದ ಸ್ಟೆಂಟು. ಇನ್ನೊಂದು, ಎದುರುಮನೆಯ ಶಂಕ್ರಪ್ಪ. ಸ್ಟೆಂಟಿನಿಂದ ಅವರಿಗೆ ಯಾವ ತೊಂದರೆಯೂ ಇರಲಿಲ್ಲ.

ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟಿದ್ದ ಶಂಕ್ರಪ್ಪನಿಗೂ ಅದೇ ತಿಂಗಳು ಅದೇ ಡಾಕ್ಟರು ಸ್ಟೆಂಟು ಹಾಕಿದ್ದರು. ಕೆಟ್ಟ ಕೊಲೆಸ್ಟ್ರಾಲು ಎಪ್ಪತ್ತರ ಕೆಳಗಿರಬೇಕು, ಗುಳಿಗೆ ತಪ್ಪಿಸಬಾರದು ಎಂದು ಇಬ್ಬರಿಗೂ ಹೇಳಿದ್ದರು. ಮಾಸ್ತರರು ಗುಳಿಗೆ ತಪ್ಪಿಸಲಿಲ್ಲ, ತುಪ್ಪ ಬಿಟ್ಟರು, ಬಸ್ಸು ಅಮೀನಗಡ ದಾಟುವವರೆಗೆ ಕರದಂಟಿನ ಅಂಗಡಿ ಕಾಣದಂತೆ ಕಣ್ಣು ಮುಚ್ಚಿ ಕೂತರು. ಆದರೂ ಹೋದ ಸಲ ತೊಂಬತ್ತೊಂದು ಬಂದು, ಡಾಕ್ಟರು ಗುಳಿಗೆಯ ಪ್ರಮಾಣ ಏರಿಸಿದರು. ಸಿಕ್ಕಲ್ಲೆಲ್ಲ ಹೋಳಿಗೆ ಮುರಿಯುವ ಶಂಕ್ರಪ್ಪನಿಗೆ ಅರವತ್ತೆರಡು.

ಅಂದಿನಿಂದ ಮಾಸ್ತರರ ಹೆಂಡತಿ ಕುಮುದಿನಿಬಾಯಿ ಪ್ರತಿ ಊಟದಲ್ಲೂ ಆ ಅರವತ್ತೆರಡನ್ನು ಒಂದು ಸೌಟು ಬಡಿಸುತ್ತಿದ್ದರು. ಜನ ಇನ್ನೊಬ್ಬರ ಹೊಲ ನೋಡಿ ಉರಿಯುತ್ತಾರೆ, ಮನೆ ನೋಡಿ ಉರಿಯುತ್ತಾರೆ. ಮಾಸ್ತರರು ಇನ್ನೊಬ್ಬನ ರಕ್ತ ನೋಡಿ ಉರಿದರು. ಹೆಂಡತಿಯ ಬಾಯಿಂದ ಒಂದು ಸಲ, ಒಂದೇ ಸಲ, ತಮ್ಮ ಹೊಗಳಿಕೆ ಕೇಳಬೇಕೆಂಬುದು ಅವರ ಆಸೆಯಾಗಿತ್ತು.

ಈ ಸಲದ ತಪಾಸಣೆಗೆ ಲ್ಯಾಬಿನ ಸಾಜಿಯಾ ಬೆಳಗ್ಗೆ ಏಳಕ್ಕೇ ಬಂದಳು. ಇಬ್ಬರ ರಕ್ತವನ್ನೂ ಶಂಕ್ರಪ್ಪನ ಪಡಸಾಲೆಯಲ್ಲೇ ತೆಗೆಯುವುದು ರೂಢಿ. ಹೆಸರಿನ ಚೀಟಿ ಅಂಟಿಸಬೇಕೆನ್ನುವಷ್ಟರಲ್ಲಿ ಅವಳಿಗೆ ಫೋನು ಬಂತು, ಅಂಗಳಕ್ಕೆ ಹೋದಳು. ಶಂಕ್ರಪ್ಪ ಉಪ್ಪಿಟ್ಟಿನ ವಾಸನೆ ಹಿಡಿದು ಅಡುಗೆಮನೆಗೆ ಹೋದ. ಮೇಜಿನ ಮೇಲೆ ರಕ್ತ ತುಂಬಿದ ಎರಡು ನಳಿಗೆ, ಎರಡು ಚೀಟಿ.

ಮೂವತ್ತು ವರ್ಷ ಕಾಪಿ ಹೊಡೆಯುವ ಹುಡುಗರನ್ನು ಹಿಡಿದಿದ್ದ ಮಾಸ್ತರರು ತಮ್ಮ ಚೀಟಿಯನ್ನು ಶಂಕ್ರಪ್ಪನ ರಕ್ತಕ್ಕೆ, ಶಂಕ್ರಪ್ಪನದನ್ನು ತಮ್ಮ ರಕ್ತಕ್ಕೆ ಅಂಟಿಸಿಬಿಟ್ಟರು. ನಿನ್ನ ಕೆಲಸ ಹಗುರ ಮಾಡಿದೆ ಎಂದು ಸಾಜಿಯಾಳಿಗೆ ಹೇಳಿದರು. ಪಾಪ, ಅವಳು ಉಪಕಾರ ನೆನೆದು ಹೋದಳು.

ಮಧ್ಯಾಹ್ನ ಅವರ ರೀತಿಯೇ ಬೇರೆಯಾಗಿತ್ತು. ರೊಟ್ಟಿಗೆ ತುಪ್ಪ ಕೇಳಿದರು. ಹೆಂಡತಿ ಕಣ್ಣು ಕೆಂಪಗೆ ಮಾಡಿದಾಗ, ಸಂಜೆ ನೋಡುವಿಯಂತೆ ಎಂದು ನಕ್ಕರು.

ಸಂಜೆ ಶಂಕ್ರಪ್ಪನ ಕಟ್ಟೆಯ ಮೇಲೆ ಓಣಿಯೇ ನೆರೆದಿತ್ತು. ನಿವೃತ್ತ ಪೋಸ್ಟ್‌ಮನ್ ಹಣಮಪ್ಪ, ಬೇರೆಯವರ ಪತ್ರ ಓದುವ ಆಸೆಯನ್ನು ಈಗ ತೀರಿಸಿಕೊಳ್ಳುವವನಂತೆ, ಇಬ್ಬರ ಮೊಬೈಲನ್ನೂ ಇಸಿದುಕೊಂಡು ಲ್ಯಾಬಿನ ವರದಿಯನ್ನು ಗಟ್ಟಿಯಾಗಿ ಓದಿದ. ಶಂಕ್ರಪ್ಪ, ಐವತ್ತೆಂಟು. ಪಂಢರೀನಾಥ ಮಾಸ್ತರು, ನೂರಾ ಅರವತ್ತನಾಲ್ಕು.

ಮಾಸ್ತರರಿಗೆ ಕಟ್ಟೆಯೇ ಕುಸಿದಂತಾಯಿತು. ಆ ಐವತ್ತೆಂಟು ತಮ್ಮದು! ಬಾಯಿ ಕಟ್ಟಿ ಗಳಿಸಿದ್ದನ್ನು ತಮ್ಮ ಕೈಯಾರೆ ಎದುರುಮನೆಗೆ ದಾನ ಮಾಡಿದ್ದರು. ಜನ ಶಂಕ್ರಪ್ಪನ ಬೆನ್ನು ತಟ್ಟುತ್ತಿದ್ದರು. ಕುಮುದಿನಿಬಾಯಿ ಗಂಡನನ್ನು ನೋಡಿದ ನೋಟಕ್ಕೆ ಸ್ಟೆಂಟು ಕರಗಬೇಕಿತ್ತು.

ಹೊಟ್ಟೆ ಉರಿಯುತ್ತಿದ್ದರೂ ಅವರು ಸುಮ್ಮನಿರುತ್ತಿದ್ದರೇನೋ. ಅಷ್ಟರಲ್ಲಿ ಶಂಕ್ರಪ್ಪ ಅವರ ಕಿವಿಯ ಹತ್ತಿರ ಬಾಗಿ ಗುಟ್ಟು ಬಿಟ್ಟ.

"ಮಾಸ್ತರ, ಯಾರಿಗೂ ಹೇಳಬ್ಯಾಡ. ಹೋದ ಸಲ ಅರವತ್ತೆರಡು ಬಂತಲ್ಲ, ರೋಗ ಹೋತು ಅಂತ ಗುಳಿಗಿ ಬಿಟ್ಟೀನಿ. ನಾಕು ತಿಂಗಳಾತು. ಈಗ ನೋಡು, ಐವತ್ತೆಂಟು. ಇನ್ನ ಜನ್ಮದಾಗ ಮುಟ್ಟೂದಿಲ್ಲ."

ಮಾಸ್ತರರ ಉರಿ ಒಮ್ಮೆಲೇ ತಣ್ಣಗಾಗಿ, ಆ ಜಾಗದಲ್ಲಿ ಹೆದರಿಕೆ ಕೂತಿತು. ನೂರಾ ಅರವತ್ತನಾಲ್ಕು ಹೊತ್ತುಕೊಂಡು ಈ ಮನುಷ್ಯ ಗುಳಿಗೆ ಇಲ್ಲದೆ ತಿರುಗಿದರೆ ಒಂದು ದಿನ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಬೀಳುತ್ತಾನೆ. ಹೊಟ್ಟೆಕಿಚ್ಚು ಎಷ್ಟಿದ್ದರೂ ಅವನು ಸಾಯಲಿ ಎಂದು ಅವರು ಎಂದೂ ಬಯಸಿರಲಿಲ್ಲ. ಎದ್ದು ನಿಂತು, ಎಲ್ಲರೆದುರಿಗೆ ಚೀಟಿಯ ಕತೆ ಹೇಳಿಬಿಟ್ಟರು.

ಕಟ್ಟೆಗೆ ಕಟ್ಟೆಯೇ ಬಿದ್ದು ಬಿದ್ದು ನಕ್ಕಿತು. ಕುಮುದಿನಿಬಾಯಿ ಮಾತ್ರ ನಗಲಿಲ್ಲ.

"ಹೊಟ್ಟಿಕಿಚ್ಚಿಗೂ ಒಂದು ಮಿತಿ ಇರ್ತದರಿ. ಮಂದೀ ರಕ್ತದ ಐವತ್ತೆಂಟನ್ನ ನಂದು ಅಂತ ಹೇಳಲಿಕ್ಕೆ ನಾಚಿಕಿ ಬರೂದಿಲ್ಲೇನು?"

ಇನ್ನೊಮ್ಮೆ ತಪಾಸಣೆ ಮಾಡಿಸೋಣ ಎಂದು ಮಾಸ್ತರರು ಅಂಗಲಾಚಿದರು. ಗುಳಿಗೆ ಇಲ್ಲದೆಯೇ ಗೆದ್ದ ಪರೀಕ್ಷೆಗೆ ಮತ್ತೆ ಯಾರು ಕೂಡುತ್ತಾರೆ ಎಂದು ಶಂಕ್ರಪ್ಪ ಎಲ್ಲರಿಗೂ ಕೇಳುವಂತೆ ಅಂದ. ಸತ್ಯಕ್ಕೆ ಬೆಲೆ ಇಲ್ಲವೆಂದು ಕಂಡ ಮಾಸ್ತರರು ಕೊನೆಗೆ ಮುಖ ಸಣ್ಣದು ಮಾಡಿ ಅವನ ಕೈ ಹಿಡಿದರು.

"ಶಂಕ್ರಪ್ಪ, ಸುಳ್ಳು ಹೇಳಿದೆ, ತಪ್ಪಾತು. ಖರೆ ಅಂದ್ರ, ಒಬ್ಬನೇ ಗುಳಿಗಿ ನುಂಗಲಿಕ್ಕೆ ನನಗ ಧೈರ್ಯ ಸಾಲೂದಿಲ್ಲ. ನನ್ನ ಜೋಡಿ ದಿನಾ ನೀನೂ ನಿನ್ನ ಗುಳಿಗಿ ತಗೊಂಡ್ರ ನಾ ಬದುಕ್ತೇನಿ."

ಶಂಕ್ರಪ್ಪನ ಕಣ್ಣು ಒದ್ದೆಯಾದವು. ಗೆಳೆಯನ ಸಲುವಾಗಿ ಅಷ್ಟೂ ಮಾಡದಿದ್ದರೆ ಹೇಗೆ ಎಂದು ಒಳಗಿನಿಂದ ಹಳೆಯ ಡಬ್ಬಿ ತರಿಸಿ, ಎಲ್ಲರೂ ನೋಡುತ್ತಿರುವಾಗಲೇ ಗುಳಿಗೆ ನುಂಗಿ ನೀರು ಕುಡಿದ. ಹಣಮಪ್ಪ ಚಪ್ಪಾಳೆ ಹೊಡೆದ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮನೆಗೆ ಬರುವಾಗ ದಾರಿ ಇದ್ದದ್ದು ಹತ್ತೇ ಹೆಜ್ಜೆ. ಕುಮುದಿನಿಬಾಯಿಗೆ ಅಷ್ಟೇ ಸಾಕಾಯಿತು.

"ನೋಡಿದಿರೇನು? ತನಗ ಬೇಕಾಗಿಲ್ಲದಿದ್ರೂ ನಿಮ್ಮ ಸಲುವಾಗಿ ಗುಳಿಗಿ ನುಂಗಿದ್ರು. ಅಂಥಾ ದೊಡ್ಡ ಮನಸು ನಿಮಗ ಯಾವಾಗ ಬರ್ತದರಿ?"