ಕಲ್ಲೂರು ಹಿಡಿಯಲು ಹೊರಟವರು

ಮನೆಯಲ್ಲೋ ಗೆಳೆಯರಲ್ಲೋ ಒಬ್ಬರು ಹಾಸಿಗೆ ಹಿಡಿದರೆ ನಗು ಬರುವಂಥದ್ದು ನಿಂತುಹೋಗುತ್ತೆ ಅಂತ ನಾನು ತಿಳಿದಿದ್ದೆ. ನಿಲ್ಲೋದಿಲ್ಲ. ಆಗಬಾರದ ಹೊತ್ತಲ್ಲಿ, ಆಗಬಾರದ ಜಾಗದಲ್ಲಿ ಇನ್ನೂ ಜಾಸ್ತಿ ಆಗ್ತಾ ಇರುತ್ತೆ.

ಆಸೆ

ಕಲಾಸಿಪಾಳ್ಯದಲ್ಲಿ ನನ್ನದು ಹಗ್ಗ, ಟಾರ್ಪಾಲಿನ ಅಂಗಡಿ. ಪಕ್ಕದ ಲಾರಿ ಆಫೀಸಿನಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದವನು ನನ್ನ ಗೆಳೆಯ. ಊರು ಮಲ್ಪೆ, ತಂದೆ ಮೀನು ಹಿಡಿಯುತ್ತಿದ್ದವರು. ಹೋದ ವರ್ಷ ಅವನ ಲಿವರ್ ಕೆಟ್ಟಿತು. ಇನ್ನು ಔಷಧಿಯಿಂದ ಹೆಚ್ಚು ಉಪಯೋಗ ಇಲ್ಲ, ಇಷ್ಟ ಇದ್ದದ್ದು ಮಾಡಲಿ ಅಂತ ಡಾಕ್ಟರು ಅವನ ಹೆಂಡತಿಗೆ ಹೇಳಿದರಂತೆ. ಅವತ್ತು ಅವನು ಸೀದಾ ನನ್ನ ಅಂಗಡಿಗೆ ಬಂದು ಹಗ್ಗದ ಸುರುಳಿ ಮೇಲೆ ಕೂತ. ಊರಿನ ಕೊಲ್ಲಿಯಲ್ಲಿ, ರಾತ್ರಿ ಹೊತ್ತು, ಒಂದು ಸಲ ಕಲ್ಲೂರು ಹಿಡಿಯಬೇಕು ಅಂದ. ಕಲ್ಲೂರು ಅಂದರೆ ನೀರೊಳಗೆ ಡೋಲು ಬಡಿದ ಹಾಗೆ ಸದ್ದು ಮಾಡುವ ಮೀನಂತೆ. ಚಿಕ್ಕಂದಿನಲ್ಲಿ ತಂದೆ ರಾತ್ರಿ ಕರ್ಕೊಂಡು ಹೋಗಿರಲಿಲ್ಲ, ದೊಡ್ಡವನಾದ ಮೇಲೆ ಇಲ್ಲಿಗೆ ಬಂದುಬಿಟ್ಟ. ಹಾಗಾಗಿ ಅವನಿಗೂ ಅದು ಮೊದಲನೇ ಸಲ. ಜೊತೆಗೆ ನಾನೂ ಬರಬೇಕಂತೆ.

ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಮನೆಯಲ್ಲಿ ಮೊಟ್ಟೆ ಹೆಸರೂ ಎತ್ತೋದಿಲ್ಲ, ಮೀನು ಹಿಡಿಯೋಕೆ ಹೇಗೆ ಬರಲಿ ಅಂದೆ.

"ಮೀನು ಹಿಡಿ ಅಂತ ಯಾರು ಹೇಳಿದ್ರು? ನೀನು ನನ್ನ ಹಿಡ್ಕೊ. ಕಾಲಲ್ಲಿ ಶಕ್ತಿ ಇಲ್ಲ, ದೋಣಿಯಿಂದ ಬಿದ್ದೋಗ್ತೀನಿ."

ಕೋಲು

ಅವನಿಗೆ ಓಡಾಡೋಕೆ ಆಗ್ತಿರಲಿಲ್ಲ. ಗಾಳದ ಕೋಲನ್ನು ನಾನೇ ಪೇಟೆಯಲ್ಲಿ ಹುಡುಕಿ ತಂದೆ. ಅವನ ಮನೆಯಲ್ಲಿ ಇಟ್ಟರೆ ಹೆಂಡತಿ ಅದನ್ನ ನೋಡಿದಾಗೆಲ್ಲ ಅಳುತ್ತಾಳೆ ಅಂತ, ಚಾಮರಾಜಪೇಟೆಯ ನಮ್ಮ ಮನೆಯಲ್ಲೇ ಅಟ್ಟದ ಮೇಲೆ ಪಂಚೆ ಸುತ್ತಿ ಬಚ್ಚಿಟ್ಟೆ. ಅಮ್ಮ ಕೇಳಿದರೆ ಏನು ಹೇಳೋದು ಅಂತ ದಿನಾ ಒಂದೊಂದು ಸುಳ್ಳು ಯೋಚನೆ ಮಾಡ್ತಿದ್ದೆ.

ಅಮ್ಮ ಕೇಳಲೇ ಇಲ್ಲ. ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ಹಿತ್ತಲಿಗೆ ಹೋದರೆ, ಅಮ್ಮ ಆ ಕೋಲನ್ನು ಪೂರ್ತಿ ಎಳೆದು ಉದ್ದ ಮಾಡಿಕೊಂಡು, ಅದರ ಕೊಕ್ಕೆಯಿಂದ ಪಕ್ಕದ ಮನೆ ಸಂಪಿಗೆ ಮರದ ಹೂವು ಎಳೀತಾ ನಿಂತಿದ್ದರು. ದೇವರ ಮನೆಗೆ ಹೋಗಿ ನೋಡಿದೆ. ಶಿವನ ತಲೆ ತುಂಬಾ ಸಂಪಿಗೆ. ಹಿಂದೆಯೇ ಬಂದ ಅಮ್ಮ ಹೇಳಿದರು:

"ಒಳ್ಳೇ ಕೋಲು ತಂದಿದೀಯ ಕಣೋ, ಹಗುರ ಇದೆ. ಮಠಕ್ಕೂ ಒಂದು ಕೊಡಿಸು, ಪುಣ್ಯ ಬರುತ್ತೆ."

ದಿನ

ಕಲ್ಲೂರು ಹಿಡಿಯೋಕೆ ಕತ್ತಲು ಗಾಢವಾಗಿರಬೇಕು, ಅಮಾವಾಸ್ಯೆ ಆದರೆ ಒಳ್ಳೇದು ಅಂತ ಗೆಳೆಯನ ಲೆಕ್ಕ. ಅಮಾವಾಸ್ಯೆ ದಿನ ಪ್ರಯಾಣ ಅಂದ ಕೂಡಲೇ ಅವನ ಹೆಂಡತಿ ಹೆದರಿದರು. ಜೋಯಿಸರನ್ನು ಕೇಳದೆ ಕಳಿಸೋದಿಲ್ಲ ಅಂತ ಹಟ ಹಿಡಿದರು. ಮೂವರೂ ಆಟೋದಲ್ಲಿ ಬಸವನಗುಡಿಗೆ ಹೋದೆವು.

ಜೋಯಿಸರಿಗೆ ಮೀನಿನ ವಿಷಯ ಹೇಳೋಕೆ ನನಗೆ ನಾಚಿಕೆ. ಅಮಾವಾಸ್ಯೆ ದಿನ ಸಮುದ್ರದಲ್ಲಿ, ದೋಣಿಯಲ್ಲಿ, ಸ್ವಲ್ಪ ಕೆಲಸ ಇದೆ ಅಂತಷ್ಟೇ ಹೇಳಿದೆ. ಅವರು ಪಂಚಾಂಗ ಮುಚ್ಚಿದರು, ಕನ್ನಡಕ ತೆಗೆದರು. ಅಸ್ಥಿ ಬಿಡೋದಕ್ಕೆ ಇಷ್ಟು ತಡ ಮಾಡಬಾರದು ಅಂತ ಮೆಲ್ಲಗೆ ಅಂದರು. ಆಮೇಲೆ ಅವನ ಹೆಂಡತಿಯ ಕಡೆ ತಿರುಗಿ, ತೀರಿಕೊಂಡವರು ಯಾರಮ್ಮ ಅಂತ ಕೇಳಿದರು.

ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದ ಗೆಳೆಯ ಕೈ ಎತ್ತಿದ.

"ನಾನೇ ಸ್ವಾಮಿ. ಸ್ವಲ್ಪ ಟೈಮ್ ಇದೆ."

ಪಾಠ

ಆ ಅಮಾವಾಸ್ಯೆ ಬರುವ ಹೊತ್ತಿಗೆ ಅವನು ಆಸ್ಪತ್ರೆಯಲ್ಲಿದ್ದ. ಹೊಟ್ಟೆಯಲ್ಲಿ ನೀರು ತುಂಬಿತ್ತು, ಕಣ್ಣು ಅರಿಶಿನ. ನಾವು ಮಲ್ಪೆಗೆ ಹೋಗಲೇ ಇಲ್ಲ. ಮುಂದಿನ ವಾರ ಅವನು ತೀರಿಕೊಂಡ. ಈಗ ಹೇಳೋದು ಅದಕ್ಕೆ ಮುಂಚಿನ ಒಂದು ಮಧ್ಯಾಹ್ನದ ಸಂಗತಿ.

ಅವನ ಹೆಂಡತಿ ಕಾಫಿ ತರೋಕೆ ಕೆಳಗೆ ಹೋಗಿದ್ದರು. ತಾನು ಹೋಗದಿದ್ದರೂ ನೀನು ಹೋಗಬೇಕು, ಅದಕ್ಕೆ ಮೀನಿನ ಸದ್ದು ಕೇಳೋದು ಕಲಿತುಕೋ ಅಂತ ಗೆಳೆಯ ಅಂದ. ದೋಣಿಯ ಹಲಗೆಗೆ ಕಿವಿ ಇಟ್ಟರೆ ಕೆಳಗಿನ ಮೀನಿನ ಸದ್ದು ಮರದೊಳಗಿಂದ ಬರುತ್ತಂತೆ. ಅವನ ತಂದೆ ಹಾಗೇ ಜಾಗ ಗುರುತು ಹಿಡಿಯುತ್ತಿದ್ದರಂತೆ. ಹಲಗೆ ಇರಲಿಲ್ಲ, ಮಂಚದ ಕಬ್ಬಿಣದ ಪಟ್ಟಿ ಇತ್ತು. ನಾನು ಮೊಣಕಾಲೂರಿ ಅದಕ್ಕೆ ಕಿವಿ ಇಟ್ಟು ಕಣ್ಣು ಮುಚ್ಚಿದೆ. ಆ ಕಡೆಯಿಂದ ಬೆರಳ ಗೆಣ್ಣಿನಲ್ಲಿ ಅವನು ಬಡಿದ. ಗುಡು ಗುಡು, ಸ್ವಲ್ಪ ಬಿಟ್ಟು ಮತ್ತೆ ಗುಡು ಗುಡು. ಕೈಯಲ್ಲಿ ಬಲ ಇಲ್ಲದೆ ಸದ್ದು ಸಣ್ಣಗಾಗ್ತಾ ಹೋಯಿತು. ನನಗೆ ಅಳು ತಡೆಯೋಕಾಗಲಿಲ್ಲ.

ಅಷ್ಟರಲ್ಲಿ ನರ್ಸ್ ಬಂದಳು. ಅವಳು ಕಂಡದ್ದು ಇಷ್ಟು: ಒಬ್ಬ ದಪ್ಪ ಮನುಷ್ಯ ಮಂಚದ ಪಕ್ಕ ಕುಸಿದಿದ್ದಾನೆ, ಕಣ್ಣು ಮುಚ್ಚಿದೆ, ಮುಖವೆಲ್ಲ ನೀರು. ಅವಳು ಕೂಗಿದಳು. ಇಬ್ಬರು ವಾರ್ಡ್‌ಬಾಯ್‌ಗಳು ಬಂದು ನನ್ನ ಎತ್ತಿ ಪಕ್ಕದ ಖಾಲಿ ಮಂಚಕ್ಕೆ ಹಾಕಿದರು. ಮೀನಿನ ಸದ್ದು ಕೇಳ್ತಾ ಇದ್ದೆ ಅಂದೆ. ನರ್ಸ್ ಡಾಕ್ಟರನ್ನ ಕರೆಯೋಕೆ ಓಡಿದಳು. ಬಿಪಿ ನೋಡಿದರು, ನನ್ನದು ಗೆಳೆಯನದಕ್ಕಿಂತ ಎಷ್ಟೋ ಮೇಲಿತ್ತು. ಎದ್ದರೆ ಅಪಾಯ, ಮಲಗಿ ಅಂತ ಡಾಕ್ಟರು ಗದರಿದರು. ಎದೆಗೆ ವೈರು, ಕೈಗೆ ಡ್ರಿಪ್.

ಕಾಫಿ ಹಿಡಿದು ಬಂದ ಅವನ ಹೆಂಡತಿ, ಗಂಡನ ಪಕ್ಕದ ಮಂಚದಲ್ಲಿ ನನ್ನ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಗೆಳೆಯ ನನ್ನ ಕೈಯ ಡ್ರಿಪ್ಪಿನ ಕೊಳವೆಯನ್ನೇ ನೋಡ್ತಾ ಅಂದ:

"ಹೆದರ್ಬೇಡ ಕಣೇ. ಮೊದಲನೇದು ಗಾಳಕ್ಕೆ ಬಿತ್ತು. ಸ್ವಲ್ಪ ದಪ್ಪದ್ದೇ ಸಿಕ್ಕಿದೆ."